ಮೂರು ದಿನದ ಹಾಯಿದೋಣಿ ಪ್ರವಾಸ: ಸ್ಕಿಪ್ಪರ್‌ಗೆ ಐದಕ್ಕೆ ಐದು, ಬುಕಿಂಗ್ ಆಫೀಸಿಗೆ ಎರಡು

ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ನಾವು ಹೊರಡದೇ ಉಳಿದ ದಿನ. ಶುಕ್ರವಾರ ಬೆಳಗಿನ ಜಾವ ಹೊರಟು ಸಮುದ್ರ ದಾಟುವುದು, ಶನಿವಾರ ಆ ದಡದಲ್ಲಿ ಸುತ್ತಾಟ, ಭಾನುವಾರ ವಾಪಸ್. ಬುಕಿಂಗ್ ಕಾಗದದಲ್ಲಿ ಹೀಗೇ ಇತ್ತು. ಗುರುವಾರ ಸಂಜೆ ನಾವು ಐದು ಜನ ಚೀಲ ಹೊತ್ತು ದೋಣಿ ಹತ್ತಿದಾಗ ಸ್ಕಿಪ್ಪರ್, ಅಂದರೆ ದೋಣಿ ನಡೆಸುವ ನಾಯಕಿ, ಹವಾಮಾನದ ವರದಿಯನ್ನು ಮೇಜಿನ ಮೇಲೆ ಹರವಿಕೊಂಡು ಕೂತಿದ್ದರು. ನಮ್ಮನ್ನು ಕೂರಿಸಿಕೊಂಡು, "ನಾಳೆ ಬೇಡ" ಅಂದರು.

ಮಕ್ಕಳ ಮುಖ ಬಾಡಿಹೋಯಿತು. ನನಗೂ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವರು ಕಾರಣ ಬಿಡಿಸಿ ಹೇಳಿದ ರೀತಿಗೆ ಬೇಸರ ಅರ್ಧ ಇಳಿಯಿತು. ಶುಕ್ರವಾರ ಗಾಳಿ ಬ್ಯೂಫೋರ್ಟ್ ಮಾಪಕದಲ್ಲಿ 6, ಅಂದರೆ 22ರಿಂದ 27 ನಾಟ್ (ಗಂಟೆಗೆ ಸುಮಾರು 41ರಿಂದ 50 ಕಿಲೋಮೀಟರ್). ಅಷ್ಟೇ ಆಗಿದ್ದರೆ ದೋಣಿಗೆ ಏನೂ ತೊಂದರೆ ಇರಲಿಲ್ಲವಂತೆ. ಬುಧವಾರವಷ್ಟೇ ಹುಣ್ಣಿಮೆ ಕಳೆದಿತ್ತು. ಹುಣ್ಣಿಮೆ, ಅಮಾವಾಸ್ಯೆಗಳಾದ ಒಂದೆರಡು ದಿನಕ್ಕೆ ಉಬ್ಬರ ಇಳಿತದ ಏರುಪೇರು ಅತಿ ಹೆಚ್ಚು, ಜೊತೆಗೆ ನೀರಿನ ಸೆಳೆತವೂ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಆ ಸೆಳೆತ ಗಾಳಿಗೆ ಎದುರಾಗಿ ತಿರುಗುತ್ತದೆ. ಆಗ ಅಲೆ ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಏಳುತ್ತದೆ. "ದೋಣಿ ತಡೆಯುತ್ತೆ, ನಿಮ್ಮ ಆರು ವರ್ಷದ ಮಗ ತಡೆಯಲ್ಲ. ಅವನು ಮತ್ತೆ ಜನ್ಮದಲ್ಲಿ ಹಾಯಿದೋಣಿ ಹತ್ತಲ್ಲ" ಅಂದರು. ಶನಿವಾರ ಗಾಳಿ 4ಕ್ಕೆ ಇಳಿಯುತ್ತದೆ, ಆಗ ಹೋಗೋಣ ಎಂದು ತೀರ್ಮಾನವಾಯಿತು.

ಇಲ್ಲಿಯೇ ಕಂಪನಿಯ ಮೇಲೆ ನನ್ನ ಮೊದಲ ದೂರು. ಸಮುದ್ರ ದಾಟುವ ಪ್ರವಾಸವನ್ನು ಮೂರು ದಿನಕ್ಕೆ ಅಳೆದು ಕೊಡುವವರು, ಹವಾಮಾನಕ್ಕೆಂದು ಒಂದು ದಿನವನ್ನಾದರೂ ಬಿಡಬೇಡವೇ? ಬುಕ್ ಮಾಡುವಾಗ ಯಾರೂ ಆ ಮಾತೇ ಎತ್ತಲಿಲ್ಲ. ದೋಣಿಯನ್ನು ಸೋಮವಾರ ಸಂಜೆ ಮರಳಿಸುತ್ತೇವೆ ಎಂದರೆ ಮೊದಲು ಆಗುವುದಿಲ್ಲ ಅಂದರು, ಆಮೇಲೆ ಒಂದು ದಿನದ ಪೂರ್ತಿ ಬಾಡಿಗೆ ಹಾಕಿದರು. ನನಗೂ ನಮ್ಮನೆಯವರಿಗೂ ಮಂಗಳವಾರದವರೆಗೆ ರಜೆ ಇದ್ದದ್ದರಿಂದ ನಡೆಯಿತು. ಇಲ್ಲದಿದ್ದರೆ ಅವಸರಕ್ಕೆ ಬಿದ್ದು, ಶುಕ್ರವಾರವೇ ಹೊರಡೋಣ ಎಂದು ಸ್ಕಿಪ್ಪರ್ ಅವರನ್ನು ನಾವೇ ಒತ್ತಾಯಿಸುತ್ತಿದ್ದೆವೋ ಏನೋ. ಇಂಥ ಪ್ರವಾಸದಲ್ಲಿ ನಿಜವಾದ ಅಪಾಯ ಆ ಅವಸರವೇ.

ಎರಡನೇ ದೂರು ಇನ್ನೂ ದೊಡ್ಡದು. ಸುಮ್ಮನೆ ಕೂರುವ ಶುಕ್ರವಾರ ಸಿಕ್ಕಿತಲ್ಲ, ಸ್ಕಿಪ್ಪರ್ ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ ನೋಡಿದರು. ಮಕ್ಕಳ ತೂಕವನ್ನು ಬುಕಿಂಗ್ ಫಾರಂನಲ್ಲಿ ಬರೆದುಕೊಟ್ಟಿದ್ದೆ: ಮಗಳು 34 ಕಿಲೋ, ಮಗ 19 ಕಿಲೋ. ಮಗನಿಗೆ ಬಂದಿದ್ದ ಜಾಕೆಟ್‌ನ ಮೇಲೆ ‘30–50 ಕಿಲೋ’ ಎಂದು ಅಚ್ಚಾಗಿತ್ತು. ಸ್ಕಿಪ್ಪರ್ ಅವನ ಎರಡೂ ಹೆಗಲ ಮೇಲಿನ ಪಟ್ಟಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದರು. ಮಗ ಕೆಳಗೇ ಉಳಿದ, ಜಾಕೆಟ್ ಮಾತ್ರ ಅವನ ಕಿವಿ ದಾಟಿ ಮೇಲೆ ಬಂತು. ತೊಡೆಗಳ ನಡುವೆ ಹಾದು ಬಿಗಿಯುವ ಪಟ್ಟಿಯೂ ಇರಲಿಲ್ಲ. ನೀರಿಗೆ ಬಿದ್ದಾಗ ಮಗು ಜಾಕೆಟ್‌ನಿಂದ ಕೆಳಗೆ ಜಾರುವುದು ಹೀಗೇ. ನೋಡಿ ನನ್ನ ಕೈಕಾಲು ತಣ್ಣಗಾಯಿತು. ಮಾವನವರಿಗೆ ಕೊಟ್ಟಿದ್ದ ತಾನಾಗಿ ಉಬ್ಬುವ ಜಾಕೆಟ್‌ನ ಒಳಗೆ ಗ್ಯಾಸ್ ಸಿಲಿಂಡರ್ ಅರ್ಧ ಸುತ್ತು ಸಡಿಲವಾಗಿತ್ತು. ಬಿಚ್ಚಿ ನೋಡದೆ ಅದು ಹೊರಗೆ ಕಾಣುವಂಥದ್ದಲ್ಲ. ಸ್ಕಿಪ್ಪರ್ ಫೋನ್ ಮೇಲೆ ಫೋನ್ ಮಾಡಿ ಸಂಜೆಯೊಳಗೆ ಸರಿಯಾದ ಅಳತೆಯ ಜಾಕೆಟ್ ತರಿಸಿದರು. ಅವರು ಬಿಚ್ಚಿ ನೋಡದಿದ್ದರೆ? ಈ ಒಂದು ಕಾರಣಕ್ಕೇ ಬುಕಿಂಗ್ ಆಫೀಸಿಗೆ ಎರಡಕ್ಕಿಂತ ಹೆಚ್ಚು ಅಂಕ ಕೊಡಲು ನನಗೆ ಮನಸ್ಸಾಗುತ್ತಿಲ್ಲ.

ಕಾಗದಪತ್ರದ ವಿಷಯದಲ್ಲಿ ಮಾತ್ರ ಆಫೀಸಿನವರು ಚೊಕ್ಕ. ಇನ್ನೊಂದು ದೇಶದ ದಡಕ್ಕೆ ದೋಣಿಯಲ್ಲಿ ಹೋದರೂ ಪಾಸ್‌ಪೋರ್ಟ್, ವೀಸಾ ಎಲ್ಲ ವಿಮಾನಕ್ಕೆ ಬೇಕಾದ ಹಾಗೇ ಬೇಕು. ಚಂದದ ಸಣ್ಣ ಬಂದರು ಕಂಡಿತೆಂದು ನೇರ ಅಲ್ಲಿಗೆ ನುಗ್ಗುವಂತಿಲ್ಲ, ವಲಸೆ ತಪಾಸಣೆ ಇರುವ ಬಂದರಿಗೇ ಮೊದಲು ಹೋಗಬೇಕು. ಇದನ್ನು ಅವರು ಮೊದಲೇ ತಿಳಿಸಿ, ಎರಡೂ ಕಡೆಗೆ ನಮ್ಮ ಹೆಸರು ಕಳಿಸಿದ್ದರು. ಆ ದಡ ಹತ್ತಿರ ಬಂದಾಗ ಹಳದಿ ಬಾವುಟ ಏರಿಸುವ ಕೆಲಸ ಮಗನ ಪಾಲಿಗೆ ಬಂತು. "ನಮ್ಮಲ್ಲಿ ಯಾರಿಗೂ ಕಾಯಿಲೆ ಇಲ್ಲ, ಒಳಗೆ ಬರಲು ಅನುಮತಿ ಕೊಡಿ" ಅನ್ನುವುದು ಅದರ ಅರ್ಥ.

ಶನಿವಾರ ನಾಲ್ಕೂವರೆಗೆ, ಇನ್ನೂ ಕತ್ತಲಿರುವಾಗಲೇ ಹಗ್ಗ ಬಿಚ್ಚಿದೆವು. ದೋಣಿ 38 ಅಡಿಯದು, ದಾಟಬೇಕಾದ ದೂರ 58 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1,852 ಮೀಟರ್, ಹಾಗಾಗಿ ಸುಮಾರು 107 ಕಿಲೋಮೀಟರ್. ಐದೂವರೆ ನಾಟ್ ವೇಗ ಹಿಡಿದರೂ ಹತ್ತೂವರೆ ಗಂಟೆ. ಹೊಸ ಬಂದರಿನೊಳಗೆ ಹಗಲಿನಲ್ಲೇ ಹೋಗಬೇಕು ಎನ್ನುವುದು ಸ್ಕಿಪ್ಪರ್ ಅವರ ಹಟ, ಅದಕ್ಕೇ ಕತ್ತಲಲ್ಲಿ ಹೊರಟದ್ದು.

ಹಿಂದಿನ ರಾತ್ರಿ ನಕ್ಷೆಯ ಮೇಲೆ ಅವರು ಪೆನ್ಸಿಲ್‌ನಲ್ಲಿ ಎಳೆದ ದಾರಿ ನೋಡಿ ನಮ್ಮನೆಯವರು, "ಇದೇನು, ಹಾವಿನ ಹಾಗೆ ಡೊಂಕು ಇದೆಯಲ್ಲ?" ಎಂದು ಕೇಳಿದ್ದರು. ಸೆಳೆತ ಹೆಚ್ಚುಕಡಿಮೆ ಆರು ಗಂಟೆ ನಮ್ಮನ್ನು ಎಡಕ್ಕೆ ತಳ್ಳುತ್ತದೆ, ಆಮೇಲೆ ತಿರುಗಿ ಬಲಕ್ಕೆ ತಳ್ಳುತ್ತದೆ. ನೇರ ಗೆರೆಯ ಮೇಲೇ ಇರಬೇಕೆಂದು ಗಂಟೆಗಂಟೆಗೂ ನೀರಿನ ಜೊತೆ ಗುದ್ದಾಡಿದರೆ ಹೊತ್ತು ಹಾಳು. ಎರಡೂ ತಳ್ಳುವಿಕೆಯನ್ನು ಕೂಡಿಸಿ ಕಳೆದು, ಉಳಿದಷ್ಟಕ್ಕೆ ಮಾತ್ರ ದಿಕ್ಕು ತಿದ್ದಿ, ದೋಣಿಯನ್ನು ಅದರ ಪಾಡಿಗೆ ಬಿಟ್ಟರೆ ಬೇಗ ತಲುಪುತ್ತೇವೆ. ಮಗಳು ಪಕ್ಕದಲ್ಲಿ ಕೂತು ಆ ಹನ್ನೊಂದು ಗಂಟೆಗಳ ಲೆಕ್ಕವನ್ನು ತಾನೇ ಕೂಡಿದಳು. ಅಂಥ ಗಣಿತವನ್ನು ಅವಳು ಅಷ್ಟು ಪ್ರೀತಿಯಿಂದ ಮಾಡಿದ್ದು ನಾನು ನೋಡಿಯೇ ಇರಲಿಲ್ಲ.

ಹಡಗುಗಳ ಹೆದ್ದಾರಿ ಬಂದಾಗ ಅವಳ ಕೈಗೆ ಕೈದಿಕ್ಸೂಚಿ ಕೊಟ್ಟರು. ಸಮುದ್ರದಲ್ಲೂ ಹೋಗುವ ಬರುವ ಹಡಗುಗಳಿಗೆ ಬೇರೆ ಬೇರೆ ಪಥ ಗುರುತಿಸಿರುತ್ತಾರೆ. ಅಡ್ಡ ದಾಟುವವರು ಆದಷ್ಟು ನೇರವಾಗಿ, ತೊಂಬತ್ತು ಡಿಗ್ರಿಗೆ ದೋಣಿ ತಿರುಗಿಸಿಕೊಂಡು ದಾಟಬೇಕು, ಪಥದಲ್ಲಿರುವ ಹಡಗಿಗೆ ಅಡ್ಡಿಯಾಗಬಾರದು. ಎಡಗಡೆ ದೂರದಲ್ಲಿ ಒಂದು ಕಂಟೇನರ್ ಹಡಗು ಕಂಡಿತು. ಮಗಳು ಗುರಿ ಹಿಡಿದು, ಹಡಗಿರುವ ದಿಕ್ಕನ್ನು ಡಿಗ್ರಿಯಲ್ಲಿ ಓದಿ "214" ಅಂದಳು. ಐದು ನಿಮಿಷ ಬಿಟ್ಟು, "214." ಇನ್ನೂ ಐದು ನಿಮಿಷಕ್ಕೆ, ದನಿ ಸ್ವಲ್ಪ ಇಳಿಸಿ, "ಆಂಟಿ, ಈಗಲೂ 214." ಹಡಗು ದೊಡ್ಡದಾಗುತ್ತಾ ದಿಕ್ಕು ಮಾತ್ರ ಬದಲಾಗದಿದ್ದರೆ ಇಬ್ಬರೂ ಒಂದೇ ಜಾಗಕ್ಕೆ ಹೋಗುತ್ತಿದ್ದೇವೆ ಎಂದರ್ಥ. ಸ್ಕಿಪ್ಪರ್ ಹಾಯಿ ಸಡಿಲಿಸಿ ವೇಗ ತಗ್ಗಿಸಿದರು. "217... 223... 231." ಹಡಗು ನಮ್ಮ ಮುಂದೆ ಸಾಕಷ್ಟು ದೂರದಿಂದ ಹಾದುಹೋಯಿತು. ದೋಣಿಯ ಪರದೆಯಲ್ಲಿ ಆ ಹಡಗಿನ ಹೆಸರು, ವೇಗ, ಎಷ್ಟು ಹತ್ತಿರ ಬರುತ್ತದೆ ಎನ್ನುವುದೆಲ್ಲ ಕಾಣುತ್ತಿತ್ತು. ಸ್ಕಿಪ್ಪರ್ ಅದನ್ನೂ ನೋಡಿಕೊಳ್ಳುತ್ತಲೇ ಹುಡುಗಿಯ ಕಣ್ಣಿಗೆ ಕೆಲಸ ಕೊಟ್ಟರು. ಮಕ್ಕಳನ್ನು ಸಾಮಾನಿನ ಹಾಗೆ ಮೂಲೆಯಲ್ಲಿ ಕೂರಿಸದೆ ಹೀಗೆ ಕೆಲಸಕ್ಕೆ ಹಚ್ಚುವ ಗುಣಕ್ಕೆ ನಾನು ಎಷ್ಟು ಕೊಟ್ಟರೂ ಕಡಿಮೆ.

ಮಾವನವರ ಕಥೆ ಬೇರೆ. ವಾಂತಿಯ ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದು ಸ್ಕಿಪ್ಪರ್ ಹೇಳಿದ್ದರು. ಮಾವ ಬೇಡವೆಂದರು. ಎಂಟು ಗಂಟೆಗೆ ಮುಖ ಬಿಳುಚಿಕೊಂಡು ಕೆಳಗಿನ ಕ್ಯಾಬಿನ್‌ಗೆ ಮಲಗಲು ಹೊರಟರು. ಅದೂ ಅತಿ ಹೆಚ್ಚು ಕುಲುಕುವ ಮುಂಬದಿಯ ಕ್ಯಾಬಿನ್‌ಗೆ. ಸ್ಕಿಪ್ಪರ್ ತಡೆದು, ನೀರಿಗೆ ಬೀಳದಂತೆ ದೋಣಿಗೆ ಬಿಗಿಯುವ ಹಾರ್ನೆಸ್ ಪಟ್ಟಿ ಸಿಕ್ಕಿಸಿ, ಚುಕ್ಕಾಣಿ ಚಕ್ರದ ಮುಂದೆ ನಿಲ್ಲಿಸಿದರು. "ದಿಗಂತ ನೋಡಿಕೊಂಡು ನಡೆಸಿ, ಇನ್ನೇನೂ ಬೇಡ." ಒಳಗಿವಿಗೆ ಗೊತ್ತಾಗುವ ಓಲಾಟ ಕಣ್ಣಿಗೂ ಕಂಡರೆ ಸಂಕಟ ಕಡಿಮೆಯಾಗುತ್ತದೆ. ಮುಕ್ಕಾಲು ಗಂಟೆಯಲ್ಲಿ ಮುಖಕ್ಕೆ ಬಣ್ಣ ಬಂತು. "ನೋಡಮ್ಮ, 67 ವರ್ಷಕ್ಕೆ ಹೊಸ ಕೆಲಸ ಕಲಿತೆ" ಅಂದರು ನನಗೆ. ಊಟಕ್ಕೆ ಕರೆದರೂ ಚಕ್ರ ಬಿಡಲಿಲ್ಲ.

ದೋಣಿಯ ಬಗ್ಗೆ ಎರಡು ಮಾತು. ಹಾಯಿ, ಎಂಜಿನ್ ಚೆನ್ನಾಗಿದ್ದವು, ಹಾಸಿಗೆ ಒಣಗಿತ್ತು. ಟಾಯ್ಲೆಟ್‌ನ ಕೈಪಂಪ್ ಬಿಗಿ, ಮಗನ ಕೈಯಲ್ಲಿ ಒತ್ತಲಾಗಲಿಲ್ಲ. ಅಡುಗೆಮೂಲೆಯ ದೀಪ ಒಂದು ಉರಿಯಲಿಲ್ಲ.

ಮಧ್ಯಾಹ್ನ ಮೂರೂಕಾಲಿಗೆ ಆ ದಡದ ಬಂದರಿನಲ್ಲಿ ಹಗ್ಗ ಕಟ್ಟಿದೆವು. ಭಾನುವಾರ ಇಡೀ ದಿನ ಅಲ್ಲೇ ಇದ್ದು, ಸೋಮವಾರ ಇನ್ನೂ ಮೆಲ್ಲಗಿನ ಗಾಳಿಯಲ್ಲಿ, ಕೊನೆಯ ಮೂರು ಗಂಟೆ ಎಂಜಿನ್ ಹಾಕಿಕೊಂಡು ವಾಪಸಾದೆವು. ಇಳಿಯುವಾಗ ಮಗ ತನ್ನ ಜಾಕೆಟ್ ಬಿಚ್ಚಲು ಒಪ್ಪದೆ ಕಾರಿನವರೆಗೂ ಹಾಕಿಕೊಂಡೇ ಬಂದ. ಸ್ಕಿಪ್ಪರ್ ಕಾರಿನ ಹತ್ತಿರ ಬಂದು ಇಸಿದುಕೊಂಡು ಹೋದರು.

ಜಾಕೆಟ್‌ಗಳ ವಿಷಯವನ್ನು ಕಂಪನಿಗೆ ಫೋಟೊ ಸಮೇತ ಬರೆದು ಕಳಿಸಿದ್ದೇನೆ. ಕ್ಷಮೆ ಕೇಳಿದ್ದಾರೆ, ಎಲ್ಲ ದೋಣಿಗಳ ಜಾಕೆಟ್ ತಪಾಸಣೆ ಮಾಡಿಸುತ್ತೇವೆ ಎಂದಿದ್ದಾರೆ. ಮುಂದಿನ ವರ್ಷ ಇದೇ ಸ್ಕಿಪ್ಪರ್ ಸಿಗುವುದಾದರೆ ಮತ್ತೆ ಹೋಗುತ್ತೇವೆ. ಆದರೆ ಐದು ದಿನಕ್ಕೆ ಬುಕ್ ಮಾಡಿ, ಹುಣ್ಣಿಮೆ ಅಮಾವಾಸ್ಯೆ ನೋಡಿ ದಿನ ಆರಿಸಿ, ಮಕ್ಕಳ ಅಳತೆಯ ಜಾಕೆಟ್‌ಗಳನ್ನು ನಾವೇ ಕೊಂಡು ಒಯ್ಯುತ್ತೇವೆ.