ಪಿಎಂಇಜಿಪಿ ಸಾಲ: ಗಾಣಕ್ಕೆ ಸಲೀಸು, ಶೇಂಗಾಕ್ಕೆ ಬಿಗಿ

ಹೊಸದಾಗಿ ಎಣ್ಣೆ ಗಾಣ, ಹಿಟ್ಟಿನ ಗಿರಣಿ, ರೊಟ್ಟಿ ಘಟಕ ಹಾಕುವವರು ಮೊದಲು ವಿಚಾರಿಸುವುದು ಪಿಎಂಇಜಿಪಿ (ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ) ಸಾಲವನ್ನೇ. ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನೆಗೆ ಸಬ್ಸಿಡಿ ಉಂಟು. ಸಾಮಾನ್ಯ ವರ್ಗಕ್ಕೆ ಹಳ್ಳಿಯಲ್ಲಿ ಶೇ. 25, ಪಟ್ಟಣದಲ್ಲಿ ಶೇ. 15, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರಿಗೆ ಶೇ. 35 ಮತ್ತು 25. ಯಂತ್ರ ಕೊಳ್ಳುವ ಮಟ್ಟಿಗೆ ಇದು ಒಳ್ಳೆಯ ಸಾಲವೇ. ಸರಕಿನ ವಿಷಯಕ್ಕೆ ಬಂದರೆ ಎಚ್ಚರ ಬೇಕು.

ಚಳ್ಳಕೆರೆ ಕಡೆಯ ಹಳ್ಳಿಯಲ್ಲಿ 20 ಲಕ್ಷದ ಶೇಂಗಾ ಎಣ್ಣೆ ಗಾಣ ಘಟಕ ಅಂದುಕೊಳ್ಳಿ. ಎರಡು ಮರದ ಗಾಣ, ಸಿಪ್ಪೆ ಬಿಡಿಸುವ ಯಂತ್ರ, ಫಿಲ್ಟರ್ ಸೇರಿ 11 ಲಕ್ಷ, ಶೆಡ್ 3 ಲಕ್ಷ, ಸರಕು ಕೊಳ್ಳುವ ದುಡಿಯುವ ಬಂಡವಾಳ 6 ಲಕ್ಷ. (ಜಾಗದ ಬೆಲೆಯನ್ನು ಯೋಜನೆಗೆ ಸೇರಿಸುವಂತಿಲ್ಲ.) ಸಾಮಾನ್ಯ ವರ್ಗದವರು ಕೈಯಿಂದ ಹಾಕಬೇಕಾದ್ದು ಶೇ. 10, ಅಂದರೆ 2 ಲಕ್ಷ. ಸಬ್ಸಿಡಿಯ 5 ಲಕ್ಷ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂರುತ್ತದೆ. ಅದಕ್ಕೆ ಬಡ್ಡಿ ಬರದು, ಅಷ್ಟೇ ಮೊತ್ತದ ಸಾಲಕ್ಕೆ ಬಡ್ಡಿ ಹಾಕುವಂತೆಯೂ ಇಲ್ಲ. ಠೇವಣಿ ಆದ ಮೇಲೆ 18 ಲಕ್ಷ ಸಾಲದಲ್ಲಿ ಬಡ್ಡಿ ಓಡಬೇಕಾದ್ದು 13 ಲಕ್ಷಕ್ಕೆ ಮಾತ್ರ. ಸ್ಟೇಟ್‌ಮೆಂಟ್ ತೆಗೆಸಿ ಖಾತ್ರಿ ಮಾಡಿಕೊಳ್ಳಿ.

ತೊಡಕು ಇರುವುದು ಆ 6 ಲಕ್ಷದಲ್ಲಿ. ನಿಮ್ಮ ಶೇ. 10ರ ಪಾಲು ಕಳೆದರೆ ಸಿಸಿ (ಕ್ಯಾಶ್ ಕ್ರೆಡಿಟ್, ಬೇಕಾದಾಗ ತೆಗೆದು ಮತ್ತೆ ತುಂಬುವ ಸಾಲ) ಮಿತಿ 5.4 ಲಕ್ಷ. 2025-26ರಲ್ಲಿ ಶೇಂಗಾದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,263 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಸುಮಾರು 74 ಕ್ವಿಂಟಲ್ ಕಾಯಿ ಬರುತ್ತದೆ. ಸಿಪ್ಪೆ ಬಿಡಿಸಿದರೆ ಶೇ. 70ರಂತೆ 52 ಕ್ವಿಂಟಲ್ ಬೀಜ. ಎರಡು ಗಾಣ ದಿನಕ್ಕೆ 240 ಕಿಲೋ ಆಡಿದರೆ 22 ದಿನಕ್ಕೆ ಚೀಲ ಖಾಲಿ. ಅಂಗಡಿಯವರು ಎಣ್ಣೆಯ ದುಡ್ಡು ಕೊಡಲು ತಿಂಗಳು ಎಳೆದರೆ ಗಾಣ ನಿಂತಿರುತ್ತದೆ, ಅದರ ಕಂತು ನಿಲ್ಲುವುದಿಲ್ಲ. ಹಿಂಡಿ ಮಾರಿದ ನಗದು ಕೂಲಿ, ಕರೆಂಟಿಗೇ ಸರಿಹೋಗುತ್ತದೆ.

ಏಜೆಂಟರು ಮಾಡಿಕೊಡುವ ರೆಡಿಮೇಡ್ ಪ್ರಾಜೆಕ್ಟ್ ರಿಪೋರ್ಟ್‌ಗಳು ಕೆಡುವುದೇ ಇಲ್ಲಿ: ಯಂತ್ರದ ಕೊಟೇಶನ್ ಉಬ್ಬಿಸಿ, ಸರಕಿಗೆ ಉಳಿದಿದ್ದನ್ನು ಬರೆದಿರುತ್ತಾರೆ. ಒಂದೇ ಗಾಣಕ್ಕೆ ಇಳಿದು ಸರಕಿಗೆ ಹೆಚ್ಚು ಕೇಳುವುದು ಜಾಣತನ. ಹಾಗಂತ ಸುಮ್ಮನೆ ದೊಡ್ಡ ಮಿತಿ ಬರೆಸಿದರೂ ಪೆಟ್ಟೇ. ಮೂರು ವರ್ಷದೊಳಗೆ ಸಿಸಿ ಒಮ್ಮೆಯಾದರೂ ಪೂರ್ತಿ ಮಿತಿ ಮುಟ್ಟಿರಬೇಕು, ಬಳಕೆ ಶೇ. 75ಕ್ಕಿಂತ ಕಮ್ಮಿ ಇರಬಾರದು. ಇಲ್ಲದಿದ್ದರೆ ಸಬ್ಸಿಡಿಯಲ್ಲಿ ಅದಕ್ಕೆ ತಕ್ಕ ಪಾಲು ವಾಪಸ್ ಹೋಗುತ್ತದೆ. ಈ ನಿಯಮವನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ಗೋದಾಮಿನಲ್ಲಿರುವ ಸರಕಿನ ಲೆಕ್ಕವನ್ನು (ಸ್ಟಾಕ್ ಸ್ಟೇಟ್‌ಮೆಂಟ್) ತಿಂಗಳು ತಿಂಗಳು ಬ್ಯಾಂಕಿಗೆ ಕೊಡಿ. ಉದ್ರಿ ತಂದ ಶೇಂಗಾವನ್ನು ನಿಮ್ಮ ಸರಕೆಂದು ತೋರಿಸಿದರೆ ಬ್ಯಾಂಕು ಅದನ್ನು ಕಳೆದೇ ಮಿತಿ ಲೆಕ್ಕ ಹಾಕುತ್ತದೆ; ಬೂಷ್ಟು ಹಿಡಿದದ್ದಕ್ಕೆ ಬೆಲೆಯೇ ಇಲ್ಲ. ಹಸಿ ಕಾಯಿ ಪೇರಿಸಬೇಡಿ, ತೇವ ಶೇ. 8ಕ್ಕೆ ಇಳಿಯುವವರೆಗೆ ಒಣಗಿಸಿ. ಮರದ ಹಲಗೆ ಮೇಲೆ, ಗೋಡೆಯಿಂದ ದೂರ ಚೀಲ ಜೋಡಿಸಿ, ಬೇಕಾದಾಗಷ್ಟೇ ಸಿಪ್ಪೆ ಬಿಡಿಸಿ. ವಿಮೆಯಲ್ಲಿ ಸರಕು ಇಟ್ಟ ಗೋದಾಮಿನ ವಿಳಾಸವೇ ಇರಲಿ, ಅಂಗಡಿಯದ್ದಲ್ಲ.

ಟರ್ಮ್ ಲೋನ್ (ಕಂತಿನಲ್ಲಿ ತೀರಿಸುವ ಯಂತ್ರದ ಸಾಲ) ಸಾಮಾನ್ಯವಾಗಿ ಮೊದಲು ಬಿಡುಗಡೆಯಾಗಿ ನೇರ ಯಂತ್ರದವರ ಖಾತೆಗೆ ಹೋಗುತ್ತದೆ, ಸಿಸಿ ಆಮೇಲೆ. ಮುಂಗಾರಿನ ಶೇಂಗಾ ಮಾರುಕಟ್ಟೆಗೆ ಬರುವುದು ಅಕ್ಟೋಬರ್‌ನಿಂದ. ಸೆಪ್ಟೆಂಬರ್ ಕೊನೆಯೊಳಗೆ ಸಿಸಿ ತೆರೆಯುವಂತೆ ಬೇಸಿಗೆಯಲ್ಲೇ ಅರ್ಜಿ ಹಾಕಿ. ಈಗಾಗಲೇ ಗಾಣ ನಡೆಸುತ್ತಿರುವವರು ಇಲ್ಲಿ ಸಾಲು ನಿಲ್ಲುವುದು ಬೇಡ, ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ.