ಗ್ರೂಪ್ ಪ್ರಾಜೆಕ್ಟಿಗೆ ಮಾರ್ಕ್ಸ್ ಹಾಕುವುದು ಹೇಗೆ? ನಾಲ್ಕು ದಾರಿಗಳ ಹೋಲಿಕೆ

ಶಿರಸಿಯಲ್ಲಿ ಬಿಸಿಎ ಮಕ್ಕಳಿಗೆ ಜಾವಾ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ನಾಲ್ಕು ಜನರ ಗುಂಪು ಮಾಡಿ ಪ್ರಾಜೆಕ್ಟ್ ಕೊಟ್ಟರೆ ಕೆಲಸ ಚೆನ್ನಾಗಿಯೇ ಬರುತ್ತದೆ. ಇಂಟರ್ನಲ್ ಮಾರ್ಕ್ಸ್ ಹಾಕುವಾಗ ತಲೆನೋವು ಶುರು. ಬರೆದವರು ಯಾರು, ಸುಮ್ನೆ ಹೆಸರು ಸೇರಿಸಿಕೊಂಡವರು ಯಾರು? ಬೇರೆ ಬೇರೆ ಸೆಮಿಸ್ಟರಿನಲ್ಲಿ ಬೇರೆ ಬೇರೆ ದಾರಿ ಹಿಡಿದು ನೋಡಿದೆ.

ಎಲ್ಲರಿಗೂ ಒಂದೇ ಮಾರ್ಕ್ಸ್ ಕೊಡುವುದು ಮೇಷ್ಟ್ರಿಗೆ ಸುಲಭ. ಒಬ್ಬ ಕೋಡ್ ಬರೆಯುತ್ತಾನೆ, ಒಬ್ಬಳು ರಿಪೋರ್ಟ್ ಟೈಪ್ ಮಾಡುತ್ತಾಳೆ, ಉಳಿದಿಬ್ಬರು ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು ಬರುತ್ತಾರೆ. ಬೈಂಡಿಂಗಿಗೂ ಕೋಡಿಗೂ ಒಂದೇ ಬೆಲೆ ಅಂದರೆ ಬರೆದವನಿಗೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಬರೀ ಲ್ಯಾಬ್ ಟೆಸ್ಟ್ ಇಟ್ಟರೆ ಆ ದೂರು ಇರುವುದಿಲ್ಲ. ಆದರೆ ಲಿಸ್ಟಿನಲ್ಲಿರುವ ಪ್ರೋಗ್ರಾಮ್‌ಗಳನ್ನು ಸೆಮಿಕೋಲನ್ ಸಮೇತ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಇನ್ನೊಬ್ಬರ ಕೋಡ್ ಓದುವುದನ್ನು ಕಲಿಯುವುದೇ ಇಲ್ಲ. ಮಳೆಗಾಲದಲ್ಲಿ ಟೆಸ್ಟ್ ನಡುವೆ ಕರೆಂಟ್ ಹೋದರಂತೂ ಕೇಳಬೇಡಿ.

ಮೂರನೆಯದು ಗಿಟ್, ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂದು ದಾಖಲಿಡುವ ಸಾಫ್ಟ್‌ವೇರ್. 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಲಿನಸ್ ಟೊರ್ವಾಲ್ಡ್ಸ್ ಮಾಡಿದ್ದು. ಯಾರ ಹೆಸರಿನಲ್ಲಿ ಎಷ್ಟು ಕಮಿಟ್ (ದಾಖಲಿಸಿದ ಬದಲಾವಣೆ) ಇದೆ ಎಂದು ಒಂದೇ ಕಮಾಂಡಿನಲ್ಲಿ ತೋರಿಸುತ್ತದೆ. ಕಮಿಟ್ ಎಣಿಸುತ್ತಾರೆ ಅಂತ ಗೊತ್ತಾಗಿದ್ದೇ ತಡ, ಒಂದು ಸ್ಪೇಸ್ ಸೇರಿಸಿ ಒಂದು ಕಮಿಟ್, ಅದನ್ನು ತೆಗೆದು ಇನ್ನೊಂದು! ಲ್ಯಾಪ್‌ಟಾಪ್ ಇಲ್ಲದವರು ಗೆಳೆಯರ ಲ್ಯಾಪ್‌ಟಾಪಿನಲ್ಲಿ ಕೂತು ಬರೆದದ್ದು ಗೆಳೆಯರ ಲೆಕ್ಕಕ್ಕೇ ಹೋಗುತ್ತದೆ. ವೈವಾದಲ್ಲಿ ಪ್ರಶ್ನೆ ಕೇಳಲು ಈ ಕಮಿಟ್‌ಗಳ ಪಟ್ಟಿ, ಅಂದರೆ ಲಾಗ್, ಒಳ್ಳೆಯದು, ಮಾರ್ಕ್ಸ್ ಹಾಕಲು ಅಲ್ಲ.

ನಾನು ಈಗ ಬಿಡದೆ ಹಿಡಿದಿರುವುದು ನಾಲ್ಕನೆಯದು. ಪ್ರಾಜೆಕ್ಟ್ ಗುಂಪಿನದೇ, ಆದರೆ ಒಬ್ಬೊಬ್ಬರೂ ನನ್ನೆದುರು ಕೂತು ಅದೇ ಕೋಡಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ ತೋರಿಸಬೇಕು. ಒಂದು ಗುಂಪು ಅಡಿಕೆ ವಕಾರಿಯ (ಮಂಡಿಯ) ಬಿಲ್ಲಿಂಗ್ ಮಾಡಿತ್ತು. ಅಡಿಕೆಯ ಬಗೆಗಳಲ್ಲಿ ರಾಶಿ, ಚಾಲಿ, ಬೆಟ್ಟೆ ಇದ್ದವು. 'ಕೆಂಪುಗೋಟು ಬಗೆಯನ್ನೂ ಸೇರಿಸು' ಅಂದೆ. ಜಾಸ್ತಿ ಕಮಿಟ್ ಇದ್ದ ಹುಡುಗ ಸ್ಕ್ರೀನನ್ನು ಮೇಲೆ ಕೆಳಗೆ ಎಳೆಯುತ್ತಲೇ ಇದ್ದ. ಲಾಗಿನಲ್ಲಿ ಹೆಸರೇ ಕಾಣದ ಹುಡುಗಿ ಬಗೆ ನೋಡಿ ದರ ಆರಿಸುವ ಕೋಡಿಗೆ, ಅಂದರೆ ಸ್ವಿಚ್‌ಗೆ, ನೇರವಾಗಿ ಹೋದಳು. 'ಇಲ್ಲಿ ಒಂದು ಕೇಸ್ ಸೇರಿಸಿದ್ರೆ ಸಾಕಾಗೂದಿಲ್ಲ ಸರ್, ಬಿಲ್ ಪ್ರಿಂಟ್ ಮಾಡೋ ಕಡೆನೂ ಮೂರೇ ಹೆಸರು ಇದೆ' ಅಂದಳು. ಆ ಭಾಗ ಬರೆದವಳು ಅವಳಲ್ಲ. ಓದಿಕೊಂಡಿದ್ದಳು.

ಸಮಯ ಮಾತ್ರ ತಿನ್ನುತ್ತದೆ. ಅರವತ್ತು ಮಕ್ಕಳಿಗೆ ತಲಾ ಹತ್ತು ನಿಮಿಷ ಅಂದರೂ ಹತ್ತು ಗಂಟೆ. ಹೊರಗೆ ಹೋದವರು ಪ್ರಶ್ನೆ ಹೇಳಿಬಿಡುತ್ತಾರೆ, ಹಾಗಾಗಿ ಪ್ರತಿಯೊಬ್ಬರಿಗೂ ಬೇರೆ ಬದಲಾವಣೆ ಯೋಚಿಸಿಟ್ಟುಕೊಳ್ಳಬೇಕು. ಅರ್ಧ ಮಾರ್ಕ್ಸ್ ಗುಂಪಿಗೆ, ಅರ್ಧ ಈ ಹತ್ತು ನಿಮಿಷಕ್ಕೆ. ಬದಲಾವಣೆ ಏನೂ ಬಾರದಿದ್ದವರಿಗೆ ಗುಂಪಿನ ಅರ್ಧವೂ ಪೂರ್ತಿ ಸಿಗುವುದಿಲ್ಲ. ಇದನ್ನು ಪ್ರಾಜೆಕ್ಟ್ ಕೊಡುವ ದಿನವೇ ಬೋರ್ಡಿನ ಮೇಲೆ ಬರೆಯುತ್ತೇನೆ.

ಮೊದಲ ಸೆಮಿಸ್ಟರಿಗೆ ಮಾತ್ರ ಇದ್ಯಾವುದೂ ಬೇಡ. ಲೂಪ್‌ನಂಥ ಮೊದಲ ಪಾಠಗಳು ಕೈಗೆ ಹತ್ತುವ ತನಕ ಲ್ಯಾಬ್ ಟೆಸ್ಟೇ ಸಾಕು.