ಹೆಡ್‌ಲೈಟ್ ಹತ್ತದಿದ್ದಾಗ: ಮಲ್ಟಿಮೀಟರೋ, ಟೆಸ್ಟ್ ಲ್ಯಾಂಪೋ?

ಬಲ್ಬ್ ಸರಿಯಿದೆ, ಫ್ಯೂಸ್ ಸರಿಯಿದೆ, ಬಲ್ಬಿನ ಹಿಂದೆ ಸಿಕ್ಕಿಸುವ ವೈರಿನ ಪ್ಲಗ್ಗಿನಲ್ಲಿ, ಅಂದರೆ ಕಪ್ಲರಿನಲ್ಲಿ, ಮೀಟರು 12.4 ವೋಲ್ಟ್ ತೋರಿಸುತ್ತಿದೆ. ಲೈಟು ಮಾತ್ರ ಹತ್ತದು. ಮೀಟರನ್ನೇ ನಂಬಿದವರು ಸಿಕ್ಕಿಬೀಳುವುದು ಇಲ್ಲೇ. ಮೀಟರು ಎಳೆದುಕೊಳ್ಳುವ ಕರೆಂಟು ಇಲ್ಲವೆನ್ನುವಷ್ಟು ಕಮ್ಮಿ. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಉಳಿದಿದ್ದರೂ ಪೂರ್ತಿ ವೋಲ್ಟೇಜ್ ಬರುತ್ತದೆ. 60/55 ವ್ಯಾಟಿನ (ಹೈ ಬೀಮಿಗೆ 60, ಲೋ ಬೀಮಿಗೆ 55) ಎಚ್4 ಹೆಡ್‌ಲೈಟ್ ಬಲ್ಬಿಗೆ ಲೋ ಬೀಮಿನಲ್ಲೇ ಸುಮಾರು ನಾಲ್ಕೂವರೆ ಆಂಪಿಯರ್ ಬೇಕು. ಆ ಒಂಟಿ ಎಳೆ ಅಷ್ಟನ್ನು ಕೊಡಲಾರದು.

ಈ ಕೆಲಸಕ್ಕೆ ಟೆಸ್ಟ್ ಲ್ಯಾಂಪೇ ಮೇಲು. ಇಂಡಿಕೇಟರಿನ 21 ವ್ಯಾಟ್ ಬಲ್ಬು, ಹೋಲ್ಡರು, ಎರಡು ಉದ್ದ ವೈರು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ಸೂಜಿ, ಅಷ್ಟೇ. ಸ್ವಿಚ್ ಆನ್ ಮಾಡಿ, ಕ್ಲಿಪ್ಪನ್ನು ಬ್ಯಾಟರಿ ಮೈನಸ್ಸಿಗೆ ಹಾಕಿ, ಕಪ್ಲರಿನ ಪ್ಲಸ್ ಪಿನ್ನಿಗೆ ಸೂಜಿ ಮುಟ್ಟಿಸಿ. ಮಿಣಮಿಣ ಉರಿದರೆ, ಇಲ್ಲವೇ ಉರಿಯದೇ ಇದ್ದರೆ, ದೋಷ ಪ್ಲಸ್ ದಾರಿಯಲ್ಲಿದೆ: ಫ್ಯೂಸ್ ಹೋಲ್ಡರು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು), ಸ್ವಿಚ್, ಇಲ್ಲವೇ ಕಪ್ಲರಿನದೇ ಸುಟ್ಟ ಪಿನ್ನು. ಧಗ್ಗೆಂದು ಉರಿದರೆ ಕ್ಲಿಪ್ಪನ್ನು ಬ್ಯಾಟರಿ ಪ್ಲಸ್ಸಿಗೆ ಬದಲಿಸಿ ಅರ್ತ್ ಪಿನ್ನಿಗೆ ಸೂಜಿ ಮುಟ್ಟಿಸಿ; ಈಗ ಮಂಕಾದರೆ ದೋಷ ಅರ್ತ್ ದಾರಿಯಲ್ಲಿದೆ. ಬಹಳ ಸಲ ಕಳ್ಳ ಸಿಗುವುದು ಅಲ್ಲೇ. ಗಾಡಿಯ ತಗಡಿಗೆ ಕಟ್ಟಿದ ಅರ್ತ್ ಬೋಲ್ಟಿನಡಿ ಹಸಿರು ಕಿಲುಬು ಕೂತಿರುತ್ತದೆ. ಎಮರಿ ಪೇಪರಿನಿಂದ ತಗಡು ಹೊಳೆಯುವವರೆಗೆ ಉಜ್ಜಿ ಬಿಗಿ ಮಾಡಿ. ಕೆಲವು ಜಪಾನೀ ಗಾಡಿಗಳಲ್ಲಿ ಸ್ವಿಚ್ಚು ಅರ್ತ್ ಕಡೆಗಿದ್ದು ಎರಡೂ ಬೀಮಿಗೆ ಸೇರಿದ ಕಾಮನ್ ಪಿನ್ನೇ ಪ್ಲಸ್ ಆಗಿರುತ್ತದೆ, ಗೊತ್ತಿರಲಿ. ಅಂದಹಾಗೆ, ಪೆನ್ನಿನಂಥ ಎಲ್‌ಇಡಿ ಟೆಸ್ಟರು ಮೀಟರಿನ ಹಾಗೇ ಸುಳ್ಳು ಹೇಳುತ್ತದೆ.

ಲೈಟು ಹತ್ತುತ್ತದೆ, ಆದರೆ ಮಂಕು ಎಂದಾಗ ಮೀಟರಿನ ಸರದಿ. ಕಪ್ಲರ್ ಬಿಚ್ಚಬೇಡಿ. ಲೈಟು ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಬಲ್ಬಿನ ಪ್ಲಸ್ ಪಿನ್ನಿಗೆ. ಅರ್ಧ ವೋಲ್ಟಿಗಿಂತ ಹೆಚ್ಚು ಬರಬಾರದು. ಅರ್ತ್ ಕಡೆ, ಅಂದರೆ ಬಲ್ಬಿನ ಅರ್ತ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ, 0.2 ವೋಲ್ಟ್ ದಾಟಬಾರದು. ಒಂದೂವರೆ ವೋಲ್ಟ್ ದಾರಿಯಲ್ಲೇ ಕಳೆದರೆ ಬೆಳಕಿನ ಮೂರನೇ ಒಂದು ಭಾಗ ಹೋದಂತೆ. ಕರೆಂಟೆಲ್ಲ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನಲ್ಲೇ ಹರಿಯುವ ಹಳೇ ಗಾಡಿಗಳಲ್ಲಿ ಇದು ಮಾಮೂಲು. ಅಂಥಲ್ಲಿ ರಿಲೇ ಹಾಕಿ, 100/90 ಬಲ್ಬಲ್ಲ; ಅದು ಕಪ್ಲರನ್ನೇ ಕರಗಿಸುತ್ತದೆ.

ಡ್ಯಾಶ್‌ಬೋರ್ಡಿಗೆ ಟೆಸ್ಟ್ ಲ್ಯಾಂಪ್ ತರಲೇಬೇಡಿ. ಅಲ್ಲಿಯ ಬಲ್ಬುಗಳು ಒಂದೆರಡು ವ್ಯಾಟಿನವು. 21 ವ್ಯಾಟಿನ ಭಾರಕ್ಕೆ ಡಿಮ್ಮರು (ಡ್ಯಾಶ್ ಬೆಳಕನ್ನು ಹೆಚ್ಚು ಕಮ್ಮಿ ಮಾಡುವ ಚಕ್ರ) ಸುಡಬಹುದು. ಹಳದಿ ಏರ್‌ಬ್ಯಾಗ್ ಕಪ್ಲರಿನ ಹತ್ತಿರವಂತೂ ಸೂಜಿ ಹೋಗಲೇಬಾರದು. ಡ್ಯಾಶ್ ಲೈಟಿನ ಜೊತೆ ಹಿಂದಿನ ಪಾರ್ಕಿಂಗ್ ಲೈಟೂ ಸತ್ತಿದ್ದರೆ ಮೊದಲು ಅದರ ಫ್ಯೂಸ್ ನೋಡಿ. ಡ್ಯಾಶ್ ಒಂದೇ ಕತ್ತಲಾದರೆ ಡಿಮ್ಮರ್ ಚಕ್ರ ತಿರುಗಿಸಿ ನೋಡಿ, ಆಮೇಲೆ ಅದಕ್ಕೆ ಒಳಬರುವ, ಹೊರಹೋಗುವ ವೈರುಗಳೆರಡನ್ನೂ ಮೀಟರಿನಲ್ಲಿ ಅಳೆಯಿರಿ. ಇಂಡಿಕೇಟರ್ ಹಾಕಿದಾಗ ಡ್ಯಾಶ್ ಲೈಟೂ ತಾಳಕ್ಕೆ ಸರಿಯಾಗಿ ಮಿಣುಕಿದರೆ ಕ್ಲಸ್ಟರಿನ (ಸ್ಪೀಡೋಮೀಟರ್ ಮೊದಲಾದವು ಕೂತಿರುವ ಫಲಕದ) ಅರ್ತ್ ಸಡಿಲವಾಗಿದೆ.